ಮಲ್ಲಿಗೆ ಕಡ್ಡಿಗೆ ಪಾವು ಸಾಕು

ಮಾಗಳದಲ್ಲಿರುವ ನನ್ನ ಸೋದರತ್ತೆ ಸಸಿ ಬೆಳೆಸುವ ಡಬ್ಬಿಗಳನ್ನು ಇವತ್ತಿಗೂ ಕಾಳು ಅಳೆಯುವ ಹಳೆಯ ಮಾತಿನಲ್ಲೇ ಕರೆಯುತ್ತಾರೆ. ಚಹಾದ ಕಾಗದದ ಕಪ್ಪು ಅವರಿಗೆ ಚಟಾಕು, ಅರ್ಧ ಲೀಟರಿನ ಹಾಲಿನ ಪಾಕೀಟು ಪಾವು, ಎಣ್ಣೆಯ ಡಬ್ಬಿ ಸೇರು. ಅಳತೆ ಕರಾರುವಾಕ್ಕಾಗಿ ಕೂಡುವುದಿಲ್ಲ. ಆದರೆ ಯಾವುದಕ್ಕೆ ಯಾವುದು ಎಂಬ ಅವರ ತೀರ್ಮಾನ ತಪ್ಪಿದ್ದನ್ನು ನಾನು ನೋಡಿಲ್ಲ. ಮೆಣಸಿನ ಬೀಜಕ್ಕೆ ಚಟಾಕು. ನುಗ್ಗೆಗೆ ಮೊದಲೇ ಸೇರು, ಏಕೆಂದರೆ ಅದರ ತಾಯಿಬೇರು ನೆಟ್ಟಗೆ ಕೆಳಗಿಳಿಯುತ್ತದೆ, ತಡೆದರೆ ಮುನಿಯುತ್ತದೆ. ಮಲ್ಲಿಗೆ ಕಡ್ಡಿಗೆ ಪಾವು.

ಕಳೆದ ಮಳೆಗಾಲದಲ್ಲಿ ಅವರ ಹಿತ್ತಲಲ್ಲಿ ಹೊಸ ಅಡುಗೆಮನೆ ಕಟ್ಟುವುದೆಂದು ಗೊತ್ತಾಯಿತು. ಬುನಾದಿಯ ಗೆರೆ ಸರಿಯಾಗಿ ಮಲ್ಲಿಗೆಯ ಬುಡದ ಮೇಲೆ ಹಾದಿತ್ತು. ಆ ಗಿಡ ಅತ್ತೆಯ ತವರಿನಿಂದ, ಅಂದರೆ ನಮ್ಮ ಮನೆಯಿಂದ ಬಂದದ್ದು. ನಮ್ಮಲ್ಲಿದ್ದ ಮೂಲ ಗಿಡ ಎಂದೋ ಒಣಗಿದೆ. ಇದೂ ಮುದಿ ಬುಡ, ಕಿತ್ತು ನೆಟ್ಟರೆ ಬದುಕದು. ಕಡ್ಡಿಗಳು ಬೇರು ಬಿಟ್ಟರೆ ಉಂಟು, ಇಲ್ಲದಿದ್ದರೆ ಆ ಹೂವು ಅಲ್ಲಿಗೇ ಮುಗಿದಂತೆ. ಅತ್ತೆ ಹಗರಿಬೊಮ್ಮನಹಳ್ಳಿಯಿಂದ ನನ್ನನ್ನು ಕರೆಸಿ, ಹಾಲಿನ ಪಾಕೀಟುಗಳಿಗೆ ಕೆಂಪು ಮಣ್ಣು, ಹೊಳೆಯ ಮರಳು ಬೆರೆಸಿ ತುಂಬಲು ಕೂರಿಸಿದರು.

ಮಾವ ಬಣ್ಣದ ಖಾಲಿ ಬಕೀಟು ಹಿಡಿದು ಬಂದರು.

"ಆ ಪಾಕೀಟ್‌ನ್ಯಾಗ ಏನ್ ಬೆಳೀತೈತಿ? ಇದ್ರಾಗ ಹಚ್ಚು, ಹಾಯಾಗಿ ಕಾಲು ಚಾಚ್ಕೊಂಡು ಇರ್ಲಿ."

"ಇನ್ನಾ ಕಾಲೇ ಬಂದಿಲ್ಲ, ಚಾಚೋದೇನ್ರಿ? ಕೂಸಿಗೆ ನಿಮ್ಮ ಅಂಗಿ ತೊಡಿಸಿದ್ರ ಕೂಸು ಕಾಣ್ತೈತೇನು?"

"ನನ್ನ ಅಂಗಿ ಅಷ್ಟೇನು ದೊಡ್ಡದಿಲ್ಲ ಬಿಡು," ಎಂದು ಮಾವ ಹೊಟ್ಟೆ ಒಳಗೆಳೆದುಕೊಂಡರು. ಆದರೂ ಹಟಕ್ಕೆ ನಾಲ್ಕಾರು ಕಡ್ಡಿ ತೆಗೆದುಕೊಂಡು, ಹೊಲದ ಕಪ್ಪು ಎರೆಮಣ್ಣು ತುಂಬಿ ಬಕೀಟಿನಲ್ಲಿ ಊರಿದರು.

ಅತ್ತೆಯ ತರ್ಕ ಸರಳವಾಗಿತ್ತು. ಬೇರಿಲ್ಲದ ಕಡ್ಡಿ ದೊಡ್ಡ ಡಬ್ಬಿಯ ನೀರನ್ನು ಕುಡಿಯಲಾರದು. ನೀರು ನಿಂತು ಬುಡ ಕೊಳೆಯುತ್ತದೆ. ಹಾಗೆಂದು ಚಟಾಕಿಗೆ ಇಳಿದರೆ ನಮ್ಮ ಬಿಸಿಲು ಮಧ್ಯಾಹ್ನದೊಳಗೆ ಮಣ್ಣನ್ನು ಬೂದಿ ಮಾಡುತ್ತದೆ. ಎರಡರ ನಡುವೆ ಪಾವು.

ಮೊದಲು ಚಿಗುರಿದ್ದು ಮಾವನ ಬಕೀಟು.

"ನೋಡಿದ್ಯಾ? ನನ್ನವು ಎಲಿ ಬಿಟ್ಟಾವ!"

"ಅದು ಬೇರು ದುಡಿದ ಊಟ ಅಲ್ರಿ. ಕಡ್ಡಿ ಬರೋವಾಗ ಕಟ್ಕೊಂಡು ಬಂದ ಬುತ್ತಿ. ಉಣ್ಲಿ, ಎಷ್ಟು ದಿನ ಉಣ್ತೈತಿ."

ನಾನು ಮತ್ತೆ ಹೋದಾಗ ಆ ಎಲೆಗಳು ಜೋತುಬಿದ್ದಿದ್ದವು. ಮಾವ ಬಕೀಟನ್ನು ಸದ್ದಿಲ್ಲದೆ ಗೋಡೆಯ ಹಿಂದೆ ಸರಿಸಿದ್ದರು. ಪಾಕೀಟಿನ ಕಡ್ಡಿಗಳಲ್ಲೂ ಸಣ್ಣ ಚಿಗುರಿತ್ತು. ಅದು ಬೇರಿನದೋ ಬುತ್ತಿಯದೋ ಹೇಳುವಂತಿರಲಿಲ್ಲ. ಒಂದನ್ನು ಎಳೆದು ನೋಡಬೇಕೆಂದು ನನ್ನ ಬೆರಳು ತುಡಿಯುತ್ತಿತ್ತು. ಅತ್ತೆ ಎಳೆಯುತ್ತಿರಲಿಲ್ಲ. ಬೆಳಿಗ್ಗೆ ಒಂದೊಂದೇ ಪಾಕೀಟನ್ನು ಅಂಗೈಯಲ್ಲಿ ತೂಗಿ, ಹಗುರಾದದ್ದಕ್ಕೆ ಮಾತ್ರ ನೀರು ಹಾಕಿ ಒಳಗೆ ಹೋಗುತ್ತಿದ್ದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲದಂತೆಯೇ ಇರಗೊಡುವ ಆ ತಾಳ್ಮೆಯನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ.

ಮಳೆ ನಿಂತು ಹೊಳವಾಗಿದ್ದರಿಂದ, ಅಡುಗೆಮನೆ ಕಟ್ಟುವ ಗೌಂಡಿ ಹೇಳಿದ್ದಕ್ಕಿಂತ ಮುಂಚೆಯೇ ಬಂದ. ಕೊಡಲಿ ಹಿಡಿದು ಮಲ್ಲಿಗೆಯ ಹತ್ತಿರ ನಿಂತ.

"ಕಡೀಲೇನ್ರಿ ಅಮ್ಮಾರ?"

"ಸ್ವಲ್ಪ ನಿಂದ್ರಪಾ."

ಅತ್ತೆ ಒಂದು ಪಾಕೀಟು ಎತ್ತಿಕೊಂಡರು. ಬ್ಲೇಡಿನಿಂದ ಬದಿ ಸೀಳಿ, ಕಡ್ಡಿಯನ್ನು ಬೆರಳುಗಳ ನಡುವೆ ಹಿಡಿದು, ಎಡ ಅಂಗೈಗೆ ಬೋರಲು ಹಾಕಿದರು. ಮಣ್ಣು ಉದುರಲಿಲ್ಲ. ಸುತ್ತಲೂ ಬಿಳಿ ಬೇರು. ತುದಿಗಳು ಅಂಚನ್ನು ಆಗಷ್ಟೇ ಮುಟ್ಟಿದ್ದವು, ಸುರುಳಿ ಸುತ್ತಲು ಇನ್ನೂ ಶುರುಮಾಡಿರಲಿಲ್ಲ. ಸೇರಿಗೆ ಬದಲಿಸಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

"ಉಳಿದವು?" ಎಂದೆ.

"ಎಲ್ಲಾ ಒಂದ ದಿನ ಹಚ್ಚಿದ್ವು, ಒಂದ ನೆಳ್ಳಾಗ ಇದ್ವು. ಅವೂ ಬಂದಿರ್ತಾವ ಬಿಡವ್ವ." ಆಮೇಲೆ ಗೌಂಡಿಯತ್ತ ತಿರುಗಿ, "ಹೂಂ, ಕಡಿಯಪಾ," ಎಂದರು.

ಮಾವ ಎಣ್ಣೆಯ ಡಬ್ಬಿಗಳ ತಳಕ್ಕೆ ಮೊಳೆಯಿಂದ ತೂತು ಹೊಡೆದು ಒಂದೊಂದಾಗಿ ಮುಂದೆ ಇಟ್ಟರು. ಅತ್ತೆ ಅಲ್ಲೇ ಕೂತು ಮೊದಲ ಸಸಿಯನ್ನು ಇಳಿಸಿದರು. ಕೊಡಲಿಯ ಮೊದಲ ಏಟಿಗೆ ಅವರ ಕೈ ತುಸು ನಿಂತಿತು. ಆಮೇಲೆ ಬೇರಿನ ಸುತ್ತ ಮಣ್ಣು ಕೂಡಿಸತೊಡಗಿತು.