ಕೈ ಇಳಿಸಲಾರದ ಭಕ್ತೆ

ಲಂಡನ್ನಿನ ಕೆಂಟನ್ ಬಡಾವಣೆಯ ನಮ್ಮ ಶುಕ್ರವಾರದ ಭಜನೆಯಲ್ಲಿ ನನ್ನಷ್ಟು ಎತ್ತರಕ್ಕೆ, ನನ್ನಷ್ಟು ಹೊತ್ತು ಕೈ ಮುಗಿದು ನಿಲ್ಲುವವರು ಇನ್ನೊಬ್ಬರಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ನಾಚಿಕೆಯಿಂದ ಹೇಳುತ್ತಿದ್ದೇನೆ. ಉಳಿದ ಹೆಂಗಸರು ಎದೆಯ ಹತ್ತಿರ ಕೈ ಜೋಡಿಸುತ್ತಾರೆ, ನಡುವೆ ಮಕ್ಕಳನ್ನು ಗದರಿಸುತ್ತಾರೆ, ಸೆರಗು ಸರಿಮಾಡಿಕೊಂಡು ಮತ್ತೆ ಜೋಡಿಸುತ್ತಾರೆ. ನಾನು ಮಾತ್ರ ಮೊದಲ ಹಾಡಿನಿಂದ ಮಂಗಳಾರತಿಯವರೆಗೂ ಎರಡೂ ಕೈಗಳನ್ನು ಹಣೆಯ ಮಟ್ಟಕ್ಕೆ ಎತ್ತಿ ಕಂಬದ ಹಾಗೆ ನಿಂತಿರುತ್ತೇನೆ. ನೋಡಿದವರು ಏನಂದುಕೊಳ್ಳಬೇಕು? ಅದನ್ನೇ ಅಂದುಕೊಂಡರು.

ನಿಜ ಸಂಗತಿ ಇಷ್ಟೇ. ಕೈಯನ್ನು ಎದೆಗಿಂತ ಮೇಲೆ ಹಿಡಿದರೆ ಅದರ ಹಿಂಬದಿಯ ನರಗಳು ಇಳಿದುಹೋಗುತ್ತವೆ. ಕೆಳಗೆ ಬಿಟ್ಟರೆ ಎದ್ದು ನಿಲ್ಲುತ್ತವೆ. ನನ್ನ ಭಕ್ತಿಯ ಮೂಲ ಗುರುತ್ವಾಕರ್ಷಣೆ. (ಡಾಕ್ಟರುಗಳು ನರ ಎನ್ನುವುದು ಬೇರೆಯೇ, ಇವು ರಕ್ತನಾಳಗಳು ಎಂದು ನನಗೂ ಗೊತ್ತು. ಆದರೆ ಮೈಸೂರಿನ ನಮ್ಮ ಮನೆಯಲ್ಲಿ ಕೈಯ ಮೇಲೆ ಉಬ್ಬಿ ಕಂಡದ್ದಕ್ಕೆಲ್ಲ ನರವೆಂದೇ ಹೆಸರು. ಈ ವಯಸ್ಸಿನಲ್ಲಿ ಅದನ್ನು ತಿದ್ದಿಕೊಳ್ಳಲಾರೆ.)

ಒಂದು ಕಾಲದಲ್ಲಿ ಈ ನರಗಳನ್ನು ಜನ ಹೊಗಳುತ್ತಿದ್ದರು. ನನ್ನನ್ನು ಹುಡುಗನೆಂದು ಎಲ್ಲರೂ ತಿಳಿದಿದ್ದ ಆ ದಿನಗಳಲ್ಲಿ ಮನೆಗೆ ಬಂದ ನೆಂಟರು ನನ್ನ ಕೈ ಹಿಡಿದು ನೋಡಿ, ‘ಗಟ್ಟಿ ಆಳು ಕಣಯ್ಯ’ ಎನ್ನುತ್ತಿದ್ದರು. ಪಕ್ಕದ ಮನೆಯವರ ಪಾರ್ಸೆಲ್ಲು ನಮ್ಮ ಮನೆಗೆ ಬಂದಾಗ ಆಗುವಂತೆ ಮುಜುಗರವಾಗುತ್ತಿತ್ತು. ತೆಗೆದುಕೊಳ್ಳುವ ಹಾಗೂ ಇಲ್ಲ, ಬೇಡವೆನ್ನುವ ಹಾಗೂ ಇಲ್ಲ. ಲಂಡನ್ನಿಗೆ ಬಂದು, ನಲವತ್ತರ ಹೊಸ್ತಿಲಲ್ಲಿ ನಿಂತು, ನಾನು ಹೆಣ್ಣು ಎಂಬುದನ್ನು ಮೊದಲು ನನಗೆ ಹೇಳಿಕೊಂಡೆ, ಆಮೇಲೆ ಡಾಕ್ಟರಿಗೆ. ಕೆಲವು ವರ್ಷಗಳಿಂದ ಹಾರ್ಮೋನು ತೆಗೆದುಕೊಳ್ಳುತ್ತಿದ್ದೇನೆ. ಹೆಸರು ವಸುಧಾ ಎಂದಾಯಿತು. ಮುಖ ದುಂಡಗಾಯಿತು, ಚರ್ಮ ಮೆತ್ತಗಾಯಿತು, ಬಿಸ್ಕತ್ತಿನ ಜಾಹೀರಾತಿಗೂ ಕಣ್ಣಲ್ಲಿ ನೀರು ಬರತೊಡಗಿತು. ಕೈಗಳಿಗೆ ಮಾತ್ರ ಸುದ್ದಿ ತಲುಪಲಿಲ್ಲ. ಅವು ಹಿಂದಿನ ಹಾಗೆಯೇ, ಯಾರಾದರೂ ‘ಗಟ್ಟಿ ಆಳು’ ಎನ್ನಲಿ ಎಂದು ಕಾದು ಕೂತವು.

ಕ್ಲಿನಿಕ್ಕಿನ ಡಾಕ್ಟರನ್ನು ಕೇಳಿದೆ. ಚರ್ಮದಡಿಯಲ್ಲಿ ಕೊಬ್ಬು ಸೇರಿದರೆ ಸ್ವಲ್ಪ ಮರೆಯಾಗಬಹುದು, ಆಗದೆಯೂ ಇರಬಹುದು, ಅದು ಒಬ್ಬೊಬ್ಬರ ಮೈಕಟ್ಟು ಎಂದರು. ನಾನು ಮೊದಲರ್ಧವನ್ನು ಮಾತ್ರ ಕೇಳಿಸಿಕೊಂಡು ಬಂದೆ. ರೇನರ್ಸ್ ಲೇನಿನ ಅಂಗಡಿಯಿಂದ ತುಪ್ಪದ ಡಬ್ಬಿಗಳು ಬಂದವು. ಅನ್ನಕ್ಕೆ ತುಪ್ಪ, ದೋಸೆಗೆ ತುಪ್ಪ, ಬ್ರೆಡ್ಡಿಗೂ ತುಪ್ಪ. ಕೊಬ್ಬೇನೋ ಬಂತು, ಆದರೆ ಕೈಗೆ ಹೋಗುವ ದಾರಿ ತಿಳಿಯದೆ ಸೊಂಟದಲ್ಲೇ ಬಿಡಾರ ಹೂಡಿತು. ಅದರ ಬಗ್ಗೆ ನನ್ನ ದೂರೇನೂ ಇಲ್ಲ.

ಹೀಗೆ ನಾನು ಹವಾಮಾನದ ತಜ್ಞೆಯಾದೆ. ಚಳಿಯಲ್ಲಿ ನರಗಳು ಒಳಸರಿಯುತ್ತವೆ, ಸೆಖೆಯಲ್ಲಿ ಹೊರಬರುತ್ತವೆ. ಊರಿನವರೆಲ್ಲ ಬಿಸಿಲು ಬಂತೆಂದು ಪಾರ್ಕಿಗೆ ಓಡುವಾಗ ನಾನು ಜನವರಿಯನ್ನು ನೆನೆದು ನಿಟ್ಟುಸಿರು ಬಿಡುತ್ತೇನೆ. ಟ್ಯೂಬ್ ರೈಲಿನಲ್ಲಿ ನನಗೆ ಸೀಟು ಸಿಕ್ಕರೂ ನಿಂತೇ ಇರುತ್ತೇನೆ. ಮೇಲಿನ ಸರಳು ಹಿಡಿದರೆ ಕೈ ಎತ್ತರದಲ್ಲಿರುತ್ತದಲ್ಲ! ನನ್ನ ಸೀಟು ಪಡೆದ ಮುದುಕರು ಆಶೀರ್ವಾದದಂಥ ನಗೆ ಬೀರುತ್ತಾರೆ. ಅದನ್ನೂ ತಲೆ ತಗ್ಗಿಸಿ ಇಸಿದುಕೊಂಡಿದ್ದೇನೆ.

ಎಲ್ಲ ಕಡೆ ಹೀಗೆ ಉಪಾಯ ನಡೆಯುವುದಿಲ್ಲ. ನನ್ನ ಕೆಲಸ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ. ಸೋಂಕು ಹರಡದಿರಲೆಂದು ಅಲ್ಲಿ ಮೊಣಕೈಯಿಂದ ಕೆಳಗೆ ಏನೂ ಇರಕೂಡದು. ಅಂಗಿಯ ತೋಳಿಲ್ಲ, ಬಳೆಯಿಲ್ಲ, ವಾಚಿಲ್ಲ. ಮೇಕಪ್ಪು ಬಳಿದು ನೋಡಿದೆ, ಕೈ ತೊಳೆತೊಳೆದು ಮಧ್ಯಾಹ್ನದ ಹೊತ್ತಿಗೆ ಅದು ಸಿಂಕಿನ ಪಾಲಾಯಿತು. ಪೆಟ್ಟಾದ ಕೈಗಳನ್ನು ಹಿಡಿದು ಸರಿಯಾಗಿ ಇರಿಸುವುದೇ ನನ್ನ ದಿನದ ಅರ್ಧ ಕೆಲಸ. ನನ್ನ ಕೈ ಅವರ ಕೈಯ ಪಕ್ಕದಲ್ಲೇ, ಬೆಳಕಿನಡಿಯಲ್ಲಿ. ಒಂದು ಸಮಾಧಾನವೆಂದರೆ, ಎಕ್ಸ್‌ರೇಯಲ್ಲಿ ನರ ಮೂಡುವುದಿಲ್ಲ. ಮೂಳೆ ಮಾತ್ರ. ಜನ ಒಬ್ಬರನ್ನೊಬ್ಬರು ಎಕ್ಸ್‌ರೇ ಮೂಲಕವೇ ನೋಡುವ ಪದ್ಧತಿಯಿದ್ದರೆ ನಾನು ಎಷ್ಟೋ ನೆಮ್ಮದಿಯಾಗಿರುತ್ತಿದ್ದೆ.

ನನ್ನ ಕೈಯನ್ನು ಕಂಡು ಮನಸಾರೆ ಸಂತೋಷಪಟ್ಟವಳು ಒಬ್ಬಳೇ, ನಮ್ಮ ಬಡಾವಣೆಯ ಡಾಕ್ಟರಾದ ಜಿಪಿಯ ಬಳಿ ರಕ್ತ ತೆಗೆಯುವ ನರ್ಸ್. ಹಾರ್ಮೋನು ಎಷ್ಟಿದೆಯೆಂದು ಆಗಾಗ ರಕ್ತ ಕೊಡಬೇಕು. ಅವಳು ನನ್ನ ತೋಳನ್ನು ಕಂಡು, ಒಳ್ಳೆ ಬದನೆಕಾಯಿ ಸಿಕ್ಕವರ ಹಾಗೆ ಮುಖ ಅರಳಿಸಿ, ‘ಲವ್ಲಿ ವೇನ್ಸ್!’ ಅನ್ನುತ್ತಾಳೆ. ಹೆಣ್ಣಿಗೆ ಲವ್ಲಿ ಎನ್ನಬಹುದಾದದ್ದು ಎಷ್ಟೆಲ್ಲ ಇದೆ, ನನ್ನ ಪಾಲಿಗೆ ಬಂದದ್ದು ಇದು. ಆದರೂ ಥ್ಯಾಂಕ್ಯೂ ಎನ್ನುತ್ತೇನೆ.

ಈ ವಿಷಯದಲ್ಲಿ ಕಲೆಯ ಸಹಾಯವೂ ಇಲ್ಲ. ಒಮ್ಮೆ ಭಾನುವಾರ ಇಲ್ಲಿನ ಮ್ಯೂಸಿಯಮ್ಮಿಗೆ ಹೋಗಿ ಅಮೃತಶಿಲೆಯ ಪ್ರತಿಮೆಗಳ ಕೈಗಳನ್ನಷ್ಟೇ ನೋಡುತ್ತ ಸುತ್ತಿದೆ. ಗಂಡು ಪ್ರತಿಮೆಗಳ ತೋಳಿನಲ್ಲಿ ಒಂದೊಂದು ನರವನ್ನೂ ಪ್ರೀತಿಯಿಂದ ಕೊರೆದಿದ್ದಾರೆ. ಹೆಣ್ಣು ಪ್ರತಿಮೆಗಳ ಕೈಗಳಾದರೋ ಬೆಣ್ಣೆ. ನಮ್ಮವರು ಏನಾದರೂ ಬೇರೆಯೋ ಎಂದು ಬೇಲೂರನ್ನು ನೆನೆದೆ. ಅಲ್ಲಿಯ ಶಿಲಾಬಾಲಿಕೆಯರಿಗೆ ಗೆಜ್ಜೆಯ ಒಂದೊಂದು ಕಾಳೂ ಇದೆ, ಉಗುರೂ ಇದೆ, ನರ ಮಾತ್ರ ಇಲ್ಲ. ಇನ್ನು ಸಾಮುದ್ರಿಕ ಹೇಳುವವರಂತೂ ನರ ಕಾಣದ ಕೈಯೇ ಹೆಣ್ಣಿಗೆ ಶುಭವೆಂದು ತೀರ್ಮಾನಿಸಿಬಿಟ್ಟಿದ್ದಾರೆ. ಪೂರ್ವ ಪಶ್ಚಿಮಗಳು ಇಷ್ಟು ಚೆನ್ನಾಗಿ ಒಪ್ಪಿಕೊಂಡ ವಿಷಯ ಇನ್ನೊಂದಿರಲಾರದು.

ಇಂಥ ಕೈಗಳನ್ನು ಹೊತ್ತು ನಾನು ಶುಕ್ರವಾರದ ಭಜನೆಗೆ ಸೇರಿದೆ. ಸೇರಿಸಿದವರು ಶಾರದಕ್ಕ. ಕುಂದಾಪುರದವರು, ಗಂಡನ ಹೋಟೆಲಿನಲ್ಲಿ ಬಹಳ ಕಾಲ ದುಡಿದು ಈಗ ಮನೆಯಲ್ಲಿರುವವರು. ಸ್ಕೌಟ್ ಮಕ್ಕಳಿಗೆಂದು ಕಟ್ಟಿದ, ಬಾಡಿಗೆಗೆ ಸಿಗುವ ಒಂದು ಹಾಲ್‌ನಲ್ಲಿ ಭಜನೆ. ಮಾರ್ಕೆಟ್ಟಿಗೆ ಒಯ್ಯುವ ಗಾಲಿ ಚೀಲದಲ್ಲಿ ಶಾರದಕ್ಕ ಹಿತ್ತಾಳೆಯ ಕೃಷ್ಣನನ್ನೂ ಆರತಿ ತಟ್ಟೆಯನ್ನೂ ಕೂರಿಸಿಕೊಂಡು ಬರುತ್ತಾರೆ. ಎಡಗಡೆ ಗಂಡಸರು, ಬಲಗಡೆ ಹೆಂಗಸರು ನಿಲ್ಲುತ್ತಾರೆ. ಮೊದಲ ದಿನ ಬಾಗಿಲಲ್ಲಿ ತಡವರಿಸುತ್ತಿದ್ದ ನನ್ನನ್ನು ಶಾರದಕ್ಕ, ‘ಬಾ, ಇಲ್ಲ್ ನಿಲ್ಲ್’ ಎಂದು ಮೊಣಕೈ ಹಿಡಿದು ಬಲಗಡೆಗೆ ಎಳೆದರು. ಅಷ್ಟೇ. ನನ್ನ ಬದುಕಿನಲ್ಲಿ ಯಾವ ಡಾಕ್ಟರ ಸಹಿಯೂ ಕೊಡದಿದ್ದ ಜಾಗವನ್ನು ಆ ಒಂದು ಎಳೆತ ಕೊಟ್ಟಿತ್ತು. ಅಲ್ಲಿ ನನ್ನ ಹಳೆಯ ಕತೆ ಯಾರಿಗೂ ಗೊತ್ತಿಲ್ಲವೆಂದು ನಂಬಿದ್ದೆ. ಗೊತ್ತಾದರೆ ಆ ಜಾಗ ಹೋಗುತ್ತದೆಂದೂ ನಂಬಿದ್ದೆ. ಅದನ್ನು ಹೇಳಿಬಿಡಲು ಈ ಕೈಗಳೇ ಸಾಕು. ಹಾಗಾಗಿ, ಹೀಟರಿನಿಂದ ಕಾದ ಆ ಹಾಲ್‌ನಲ್ಲಿ, ಉದ್ದ ತೋಳಿನ ರವಿಕೆ ತೊಟ್ಟು, ಕೈಗಳನ್ನು ಹಣೆಯವರೆಗೆ ಎತ್ತಿ ಅವನ್ನೇ ಕಾಯುತ್ತ ನಿಂತೆ.

ಒಂದು ಶುಕ್ರವಾರ ಮಂಗಳಾರತಿಯ ಹೊತ್ತಿಗೆ ಶಾರದಕ್ಕ ನನ್ನ ಮುಂದೆ ಬಂದು ನಿಂತರು. ಕಣ್ಣು ಒದ್ದೆಯಾಗಿತ್ತು. ‘ಇವತ್ತ್ ಆರತಿ ನೀನೇ ಎತ್ತ್ ಮಾರಾಯ್ತಿ. ನಿನ್ನಷ್ಟ್ ಭಕ್ತಿ ಇಪ್ಪವರ್ ಇಲ್ಲಿ ಯಾರಿದ್ರ್?’ ಎಂದು ಆ ಹಿತ್ತಾಳೆಯ ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. ಎರಡೂ ಕೈ ಚಾಚಿ ತೆಗೆದುಕೊಂಡೆ. ಒಳಗೊಳಗೆ ಹಿಗ್ಗೂ ಆಗಿತ್ತು, ಅದನ್ನೇಕೆ ಮುಚ್ಚಿಡಲಿ.

ತಟ್ಟೆ ಮಣ ಭಾರ. ಕೈ ಹೊಟ್ಟೆಯ ಮಟ್ಟಕ್ಕೆ ಇಳಿಯಿತು. ಕರ್ಪೂರದ ಶಾಖ ಬೇರೆ. ದೇವರಿಗೆ ಬೆಳಗಿ ಹೆಂಗಸರ ಸಾಲಿಗೆ ತಿರುಗುವಷ್ಟರಲ್ಲಿ ನರಗಳೆಲ್ಲ ಎದ್ದು, ದೀಪದ ಬೆಳಕಿನಲ್ಲಿ ನೆರಳು ಸಮೇತ ಕಾಣುತ್ತಿದ್ದವು. ಆರತಿ ತೆಗೆದುಕೊಳ್ಳಲು ಒಬ್ಬೊಬ್ಬರೂ ಜ್ವಾಲೆಯ ಮೇಲೆ ಕೈ ಚಾಚಿದರು. ಸ್ಟ್ಯಾನ್ಮೋರಿನ ಡಾಕ್ಟರಮ್ಮನ ಕೈ, ಬೆರಳು ಬಿಡಿಸಲಾಗದ ಒಬ್ಬ ಅಜ್ಜಿಯ ಕೈ, ಕಾವಲಿ ಸುಟ್ಟ ಕಲೆಗಳ ಕೈ. ಯಾರ ಕೈಯಲ್ಲಿ ನರ ಇದೆ, ಯಾರದರಲ್ಲಿ ಇಲ್ಲ ಎಂದು ನಾನು ಒಂದೊಂದನ್ನೂ ತೂಗಿ ನೋಡುತ್ತಿದ್ದೆ. ದೇವರ ದೀಪ ಹಿಡಿದು ಇಂಥ ಕೆಲಸ. ಕೆಲವರದರಲ್ಲಿ ನನಗಿಂತ ಹೆಚ್ಚಿತ್ತು. ಅದರಿಂದ ನನಗೆ ಖುಷಿಯಾದದ್ದು ಇನ್ನೂ ನಾಚಿಕೆಗೇಡು.

ಆಗ ಬಂದವಳು ಪ್ರಿಯಾ, ಶಾರದಕ್ಕನ ಸೊಸೆ. ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಆರತಿಯ ಹೊತ್ತಿಗೂ ಫೋನಿನಲ್ಲಿ ಚಿತ್ರ ತೆಗೆಯುತ್ತಾಳೆಂದು ಅತ್ತೆಗೆ ಸಿಟ್ಟು. ಕೈ ಚಾಚಿದವಳ ಕಣ್ಣು ನನ್ನ ಕೈಯ ಮೇಲೆ ನಿಂತಿತು. ‘ಓ ಮೈ ಗಾಡ್ ಆಂಟಿ, ಯುವರ್ ವೇನ್ಸ್! ಜಿಮ್‌ಗೆ ಹೋಗ್ತೀರಾ?’ ಎಂದಳು. ಮೆಚ್ಚಿಕೊಂಡೇ ಹೇಳಿದ್ದು, ನನಗೆ ಗೊತ್ತು. ಹಾಡು ಆಗಷ್ಟೇ ಮುಗಿದಿತ್ತು, ಹಾಲ್ ತುಂಬ ಕೇಳಿಸಿತು. ಸಾಲಿನಲ್ಲಿ ಇನ್ನೂ ಅರ್ಧ ಜನ ಬಾಕಿಯಿದ್ದರು. ನಾನು ತಟ್ಟೆಯನ್ನು ಅವಳ ಕೈಗೇ ತುರುಕಿ ಹಿಂದಿನ ಅಡುಗೆಕೋಣೆಗೆ ಓಡಿದೆ.

ತಣ್ಣೀರಿನ ನಲ್ಲಿಯ ಕೆಳಗೆ ಕೈ ಹಿಡಿದು ನಿಂತಿದ್ದಾಗ ಶಾರದಕ್ಕ ಬಂದರು.

‘ಎಂತ ಆಯ್ತ್? ಕೈ ಸುಟ್ಕಂಡ್ಯಾ?’

‘ಇಲ್ಲ ಶಾರದಕ್ಕ.’ ಇನ್ನು ಮುಚ್ಚಿಡಲು ಆಗಲಿಲ್ಲ. ‘ನಾನು ಕೈ ಎತ್ತಿಕೊಂಡು ನಿಲ್ಲೋದು ಭಕ್ತಿಯಿಂದ ಅಲ್ಲ. ಇಳಿಸಿದ್ರೆ ನರ ಎದ್ದು ಕಾಣುತ್ತೆ. ಗಂಡಸರ ಕೈ ಥರ. ನಾನು ಮೊದಲು...’

‘ಅದ್ ನಂಗೆ ಮೊದಲ್ನೇ ದಿನವೇ ಗೊತ್ತಾಯ್ತ್’ ಎಂದರು ಶಾರದಕ್ಕ, ನಲ್ಲಿ ನಿಲ್ಲಿಸುತ್ತ. ‘ಎಲ್ರಿಗೂ ಗೊತ್ತಿತ್ತ್. ಅದ್ ಬಿಡ್. ಹಾಂಗಾರೆ ಅದ್ ಭಕ್ತಿ ಅಲ್ದಾ?’

‘ಅಲ್ಲ.’

‘ಒಂಚೂರೂ ಅಲ್ದಾ?’

ಇಲ್ಲವೆಂದು ತಲೆಯಾಡಿಸಿದೆ. ಶಾರದಕ್ಕ ಅಲ್ಲೇ ಇದ್ದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಸಿದು ಕೂತರು. ‘ದೇವ್ರೇ! ನಾನ್ ಸೊಸಿ ಹತ್ರ ವಾರ ವಾರ ಹೇಳ್ತಿದ್ದೆ ಮಾರಾಯ್ತಿ. ಕಾಣ್, ವಸುಧನ್ ಕಾಣ್, ಭಕ್ತಿ ಅಂದ್ರೆ ಹಾಂಗೆ ಅಂತ. ಈಗ ನಾನ್ ಅದ್ಕೆ ಎಂತ ಹೇಳೂದ್?’

ಹಗುರವಾಗಬೇಕಿತ್ತು, ಆಗಲಿಲ್ಲ. ಕಣ್ಣಾಮುಚ್ಚಾಲೆಯಲ್ಲಿ ಉಳಿದವರೆಲ್ಲ ಆಟ ಮುಗಿಸಿ ಮನೆಗೆ ಹೋದಮೇಲೂ ಬಾಗಿಲ ಹಿಂದೆ ಅಡಗಿ ಕೂತ ಮಗುವಿಗೆ ಆಗುವ ಅವಮಾನ ನನಗಾಯಿತು. ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೇ ಶಾರದಕ್ಕ ನನ್ನ ಮೊಣಕೈ ಹಿಡಿದು ಎಳೆದದ್ದು, ಗೊತ್ತಿದ್ದೇ ಉಳಿದವರು ಸರಿದು ಜಾಗ ಕೊಟ್ಟದ್ದು. ನಾನು ಬಚ್ಚಿಟ್ಟದ್ದನ್ನು ಅವರು ದೊಡ್ಡದು ಮಾಡಿರಲಿಲ್ಲ. ಎತ್ತಿದ ಕೈಯ ಹುಸಿ ಭಕ್ತಿಯನ್ನು ಮಾತ್ರ ಪೂರ್ತಿ ನಂಬಿದ್ದರು. ನನ್ನ ಬಗ್ಗೆ ಅವರಿಗಿದ್ದ ಒಂದೇ ಒಂದು ತಪ್ಪು ತಿಳಿವಳಿಕೆ ನಾನು ಒಳ್ಳೆಯವಳು ಎಂಬುದು.

ಶಾರದಕ್ಕ ಎದ್ದರು. ಸೀರೆಯ ಸೆರಗಿನಿಂದ ನನ್ನ ಒದ್ದೆ ಕೈಗಳನ್ನು, ಪಾತ್ರೆ ಒರೆಸುವಷ್ಟೇ ರಭಸದಿಂದ, ನರಗಳ ಮೇಲೆಯೇ ಒರೆಸಿದರು. ‘ಆದದ್ದ್ ಆಯ್ತ್. ಬಪ್ಪ ಶುಕ್ರವಾರವೂ ನೀನ್ ಹಾಂಗೇ ನಿಲ್ಲ್. ನರಕ್ಕಾರೂ ಆಯ್ಲಿ, ಎಂತಕ್ಕಾರೂ ಆಯ್ಲಿ. ಸೊಸಿ ಕಾಣ್ತಾ ಇರತ್ತ್. ನನ್ ಮಾನ ತೆಗಿಬೇಡ.’

ಹೊರಗೆ ಬಂದಾಗ ಪ್ರಿಯಾ ಉಳಿದವರಿಗೆಲ್ಲ ಆರತಿ ಕೊಟ್ಟು ಮುಗಿಸಿದ್ದಳು. ಫೋನು ಕಿಟಕಿಯ ಮೇಲಿತ್ತು. ನನ್ನನ್ನು ಕಂಡು ‘ಸಾರಿ ಆಂಟಿ’ ಎಂದು ಸಣ್ಣಗೆ ಹೇಳಿದಳು. ಸಾರಿ ಹೇಳಬೇಕಾದವರು ಯಾರೆಂದು ನನಗೆ ತಿಳಿಯಲಿಲ್ಲ.

ಮುಂದಿನ ಶುಕ್ರವಾರ ನಾನು ಶಾರದಕ್ಕನ ಮಾನ ಕಾಯಲು ಸಾಲಿನಲ್ಲಿ ನಿಂತೆ. ಪ್ರಿಯಾ ಪಕ್ಕದಲ್ಲೇ ಇದ್ದಳು, ಓರೆಗಣ್ಣಿನಿಂದ ನೋಡುತ್ತಿದ್ದಳು. ಕೈ ಎತ್ತಿದೆ. ನರ ಇಳಿದವೋ ಇಲ್ಲವೋ ಎಂದು ನೋಡಿಕೊಳ್ಳುವ ಅಗತ್ಯವಿರಲಿಲ್ಲ. ಗೊತ್ತಿದ್ದವರಿಂದ ಏನನ್ನು ಮುಚ್ಚಿಡುವುದು. ಕಣ್ಣಿಗೆ ಬೇರೆ ಕೆಲಸವಿಲ್ಲದೆ ಎದುರಿಗೆ ನೋಡಿದೆ. ಕರಾವಳಿಯವರ ಮನೆಯ ಕೃಷ್ಣ, ಉಡುಪಿಯವನ ಹಾಗೆ ಕಡೆಗೋಲು ಹಿಡಿದವನೇ ಇರಬೇಕೆಂದು ನಾನು ಇಷ್ಟು ದಿನ ಅಂದುಕೊಂಡಿದ್ದೆ. ಕಡೆಗೋಲೂ ಇಲ್ಲ, ಹಗ್ಗವೂ ಇಲ್ಲ. ಇಷ್ಟು ಶುಕ್ರವಾರ ಎದುರಿಗೆ ನಿಂತು, ಆರತಿ ಬೆಳಗುವಾಗಲೂ ನನ್ನ ಕೈಯನ್ನೇ ನೋಡುತ್ತ, ಒಮ್ಮೆಯೂ ಅವನನ್ನು ನೋಡಿರಲಿಲ್ಲ. ‘ಕ್ಷಮಿಸಪ್ಪ, ಇವತ್ತಿನದೂ ನಿನಗಲ್ಲ, ಶಾರದಕ್ಕನ ಸೊಸೆಗೆ’ ಎಂದು ಮನಸ್ಸಿನಲ್ಲೇ ಹೇಳಿದೆ. ನಾಚಿಕೆಯಿಂದ ಕತ್ತು ತಾನೇ ಬಗ್ಗಿತು. ಮತ್ತೆ ತಲೆಯೆತ್ತಿ ನೋಡಿದರೆ, ಅವನೂ ಎರಡೂ ಕೈ ಮೇಲೆತ್ತಿಕೊಂಡೇ ನಿಂತಿದ್ದಾನೆ, ಕೊಳಲಿನ ನೆಪ ಹೇಳಿ.