ಆರಿದ ದೀಪದ ತಂತಿ

ಮಹಾನವಮಿಯ ಬೆಳಿಗ್ಗೆ, ಆಯುಧಗಳಿಗೆ ಸಲ್ಲುವ ಖಂಡೇ ಪೂಜೆಯ ಹೊತ್ತಿನಲ್ಲಿ, ಬೆಟಗೇರಿಯ ನೇಕಾರ ಈರಪ್ಪನ ಮಗ್ಗದ ಕೋಣೆಯಲ್ಲಿ, ಬಾಗಿಲಿನ ಬಲಕ್ಕೆ, ಸ್ವಿಚ್ಚಿನ ಪಕ್ಕ ನಿಂತಿದ್ದವನು ನಾನು. ಅವನಿಂದ ನಾಲ್ಕು ಹೆಜ್ಜೆ ದೂರ. ಕನ್ನಡ ನಾಡು ಒಂದಾಗಲು ಇನ್ನು ಕೆಲವೇ ದಿನಗಳಿದ್ದವು. ಸ್ವಿಚ್ ಬಂದ್ ಮಾಡದೆ ದೀಪಕ್ಕೆ ಕೈ ಹಾಕಿ ಈರಪ್ಪ ಸತ್ತ ಎಂದು ಊರಿಗೆಲ್ಲ ಹೇಳಿದೆ. ಅದು ಸುಳ್ಳು. ಸ್ವಿಚ್ ಬಂದ್ ಆಗಿತ್ತು — ಮಾಡಿದವನು ನಾನೇ.

ಆ ದೀಪ ಕೂಡಿಸಿದವನೂ ನಾನೇ. ಅಸುಂಡಿಯಿಂದ ಬಂದು ವೈರಿಂಗ್ ಕಲಿತು ಎರಡು ವರ್ಷವಾಗಿತ್ತು. ದೀಪಕ್ಕೆ ಎರಡು ತಂತಿ. ಒಂದು ಕರೆಂಟು ತರುತ್ತದೆ, ಇನ್ನೊಂದು ಮರಳಿ ಒಯ್ಯುತ್ತದೆ. ಸ್ವಿಚ್ಚನ್ನು ತರುವ ತಂತಿಗೆ ಹಾಕಬೇಕು. ಮರಳುವ ತಂತಿಗೆ ಹಾಕಿದರೂ ದೀಪ ಹತ್ತುತ್ತದೆ, ಆರುತ್ತದೆ. ನೋಡುವವರಿಗೆ ವ್ಯತ್ಯಾಸ ಕಾಣದು. ಆದರೆ ದೀಪ ಆರಿದ ಮೇಲೂ ಕರೆಂಟು ಅಲ್ಲಿಯವರೆಗೆ ಬಂದು ನಿಂತಿರುತ್ತದೆ. ನಾನು ಹಾಕಿದ್ದು ಮರಳುವ ತಂತಿಗೆ. ಪರೀಕ್ಷಿಸಲಿಲ್ಲ — ದೀಪ ಹತ್ತಿತಲ್ಲ, ಸಾಕೆಂದುಕೊಂಡೆ.

ಪೂಜೆಗೆಂದು ಮಗ್ಗ, ಲಾಳಿ ಎಲ್ಲ ತೊಳೆದಾಗಿತ್ತು. ಮಣ್ಣಿನ ನೆಲ ಹಸಿಯಾಗಿತ್ತು. ಈರಪ್ಪನ ತಂಗಿ ಶಿವವ್ವ ಮೂಲೆಯಲ್ಲಿ ನೂಲಿನ ರಾಟೆಗೆ ಕುಂಕುಮ ಹಚ್ಚುತ್ತ ಕುಳಿತಿದ್ದಳು.

"ಏ ತಮ್ಮಾ, ನಮ್ಮ ಲಾಳಿ ಜಳಕ ಆತು. ನಿನ್ನ ದೀಪದ್ದಷ್ಟ ಯಾಕ ಬಿಡೂದು? ಬಂದ್ ಮಾಡು," ಎಂದು ಈರಪ್ಪ ನಕ್ಕ.

"ಮಾಡೀನ್ರಿ ಅಣ್ಣಾ. ಒರಸ್ರಿ, ಏನೂ ಆಗಂಗಿಲ್ಲ."

ಏನೂ ಆಗುವುದಿಲ್ಲ — ಹಾಗೆಂದೆ. ಅವನು ಬಲ್ಬು ಬಿಚ್ಚಿ ಲಾಳಿಯ ಪಕ್ಕ ಇಟ್ಟ, ಹೂ ಏರಿಸಿದ. ಒದ್ದೆ ಅರಿವೆಯನ್ನು ಹೋಲ್ಡರಿನೊಳಗೆ ತುರುಕಿದ. ಕೂಗಲಿಲ್ಲ. ಕೈ ಅಲ್ಲೇ ಕಚ್ಚಿಕೊಂಡಿತು. ಬರಿಗಾಲು, ಹಸಿ ನೆಲ — ಕರೆಂಟಿಗೆ ಮರಳುವ ದಾರಿ ಅವನ ಮೈಯೇ ಆಯಿತು. ಹೊರಗೋಡಿ ಮೇನ್ ಸ್ವಿಚ್ ಎಳೆದು ಬಂದೆ. ಅವನು ಬಿದ್ದಿದ್ದ. ಉಸಿರಿರಲಿಲ್ಲ. ಆಗ ನಾನು, ಯಾರೂ ನನ್ನತ್ತ ನೋಡದಿದ್ದಾಗ, ದೀಪದ ಸ್ವಿಚ್ಚನ್ನು ಮತ್ತೆ ಹಾಕಿದೆ.

ಓಣಿಯವರು ಓಡಿ ಬಂದರು. "ಸ್ವಿಚ್ ಹಾಕೇ ಐತ್ರಿ. ಅಣ್ಣಾರು ಮರತಾರ," ಎಂದೆ.

ಶಿವವ್ವ ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಕತ್ತೆತ್ತಿದಳು.

"ಇಲ್ಲ. ಇಂವ ಬಂದ್ ಮಾಡಿದ್ದ. ದೀಪ ಆರಿದ್ದು ನಾ ಕಂಡೀನಿ."

"ದೀಪ ಆರಿದ ಮ್ಯಾಲೆ ಕರೆಂಟ ಹೆಂಗ ಹೊಡಿತೈತವಾ?" ಎಂದರು ಓಣಿಯ ಹಿರಿಯರೊಬ್ಬರು. "ದುಃಖದಾಗ ಏನರ ಅಂತಿ. ಸುಮ್ಕಿರು."

ಎಲ್ಲರೂ ನನ್ನತ್ತ ತಿರುಗಿದರು. ಹೇಗೆ ಹೊಡೆಯುತ್ತದೆಂದು ಆ ಕೋಣೆಯಲ್ಲಿ ಬಲ್ಲವನು ನಾನೊಬ್ಬನೇ. ಎರಡು ಮಾತು ಸಾಕಿತ್ತು. ನಾನು ಹಿರಿಯರಿಗೆ ಹೌದೆಂದು ತಲೆಯಾಡಿಸಿದೆ.

ಮರುದಿನ ಆ ಮನೆಯ ವೈರಿಂಗ್ ಪರೀಕ್ಷಿಸಲೂ ನನ್ನನ್ನೇ ಕರೆದರು. ಯಾರಿಗೂ ಹೇಳದೆ ಸ್ವಿಚ್ಚನ್ನು ತರುವ ತಂತಿಗೆ ಬದಲಿಸಿ ಬಂದೆ. ಆಮೇಲೆ ಎಷ್ಟೋ ಮನೆಗಳಿಗೆ ದೀಪ ಹಾಕಿದೆ. ಪ್ರತಿ ತಂತಿಯನ್ನೂ ಎರಡು ಸಲ ನೋಡಿದೆ. ಅದರಿಂದ ಇದು ತೀರುವುದಿಲ್ಲ. ಆ ಓಣಿಯಲ್ಲಿ ಇಂದಿಗೂ ಮಕ್ಕಳಿಗೆ ಹೇಳುತ್ತಾರೆ — "ಬಂದ್ ಮಾಡಲೇ, ಈರಪ್ಪನಂಗ ಮರೀಬ್ಯಾಡ."

ಈರಪ್ಪ ಮರೆತಿರಲಿಲ್ಲ. ನನ್ನನ್ನು ಕೇಳಿಯೇ ಕೈ ಹಾಕಿದ್ದ. ಇದನ್ನು ಕಂಡವರು ನಾನು, ಅವನ ತಂಗಿ — ಇಬ್ಬರೇ. ಶಿವವ್ವ ಹಮ್ಮಿಗಿಯಲ್ಲಿ ಇದ್ದಾಳೆ, ಬದುಕಿದ್ದಾಳೆ. ಅವಳು ಅಂದು ಹೇಳಿದ್ದು ನಿಜ.