ಒಗೆಯದ ಸೀರೆ

ಸೂಲಿಬೆಲೆ ಹತ್ತಿರದ ಹಳ್ಳಿಯಲ್ಲಿ ಕಣ್ಣು ಕಾಣದ, ಕಿವಿಯೂ ಕೇಳದ ಹುಡುಗಿಯೊಬ್ಬಳಿದ್ದಳು. ಅಂಥ ಮಕ್ಕಳ ವಸತಿ ಶಾಲೆಗೆ ಅವಳನ್ನು ಸೇರಿಸಲು ನಾನೇ ಕರೆದುಕೊಂಡು ಹೊರಟೆ. ಇದ್ದಿಲ ಹೊಗೆಯಿಂದ ಓಡುವ ಬಸ್ಸು ಹತ್ತುವಾಗ ಅವಳ ತಾಯಿ ತಾನು ಉಟ್ಟು ಬಿಟ್ಟ ಸೀರೆಯೊಂದನ್ನು ನನ್ನ ಕೈಗಿಟ್ಟಳು.

“ಇದನ್ನ ಒಗೆಯೋಕೆ ಬಿಡಬೇಡಿ ಮೇಷ್ಟ್ರೇ. ನಮ್ಮತ್ತೆ ಸತ್ತಾಗ ಅವರ ಸೀರೆಗಳನ್ನ ಅಗಸರಿಗೆ ಕೊಟ್ಬಿಟ್ವಿ. ಆ ವಾಸನೆ ಹೋದ್ಮೇಲೇ ಇವಳು ಅಜ್ಜೀನ ಹುಡುಕೋದು ಬಿಟ್ಟಿದ್ದು. ನಾನೂ ಸತ್ತೆ ಅಂದ್ಕೊಂಡ್ಬಿಟ್ಟಾಳು.”

ಶಾಲೆಯ ಮೇಲ್ವಿಚಾರಕಿ ಮೂಗು ಮುರಿದರು. “ಮನೆಯಿಂದ ಬಂದ ಬಟ್ಟೆಯನ್ನೆಲ್ಲ ಕುದಿಸಿ ಒಗೀಬೇಕು. ಇಲ್ಲಿಯ ನಿಯಮ.”

ದಿನವೂ ಮಕ್ಕಳ ಅಂಗಿಯ ಕೊಳೆ ನೋಡಿ ಗದರುವ ನಾನು, ಇದೊಂದನ್ನು ಒಗೆಯಬೇಡಿ ಎಂದು ಅಂಗಲಾಚಿದೆ.

“ಆಗಲಿ. ಎಷ್ಟು ದಿನ ಹಾಗೇ ಇಟ್ಟಿರಬೇಕು?”

ನನ್ನ ಹೆಂಡತಿ ತೀರಿಕೊಂಡು ವರ್ಷವಾಗಿತ್ತು; ಅವಳು ಉಟ್ಟು ಬಿಟ್ಟ ಸೀರೆ ಇನ್ನೂ ಒಗೆಯದೆ, ಮನೆಯಲ್ಲಿ ಬಟ್ಟೆ ಹಾಕುವ ಗಳುವಿನ ಮೇಲೇ ಇತ್ತು. ಅಂಥವನನ್ನು ಕೇಳುವ ಪ್ರಶ್ನೆಯೇ ಅದು?